ಅಂಚಿನಲ್ಲೊಂದು ಗೆರೆ: ಖುಷಿಗೆ ಓದುವ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಕ್ರಮ

ಪುಸ್ತಕದಲ್ಲಿ ಗೆರೆ ಎಳೆಯುವುದನ್ನು ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಪರೀಕ್ಷೆಗೆ ಓದುವಾಗ. ಪ್ರಶ್ನೆಯಾಗಿ ಬರಬಹುದಾದ ಸಾಲಿನಡಿ ಒಂದು ಗೆರೆ, ಮೇಷ್ಟ್ರು 'ಇಂಪಾರ್ಟೆಂಟ್' ಎಂದದ್ದಕ್ಕೆ ಎರಡು. ಅದೇ ಕೈಯಲ್ಲಿ ಕಾದಂಬರಿಯನ್ನೋ ಪ್ರಬಂಧಗಳ ಸಂಕಲನವನ್ನೋ ಹಿಡಿದರೆ ಐವತ್ತು ಪುಟ ಮುಗಿಯುವುದರೊಳಗೆ ಪುಟದ ತುಂಬ ಗೆರೆಗಳಾಗಿ ಯಾವುದೂ ಎದ್ದು ಕಾಣದಂತಾಗುತ್ತದೆ. ಇಲ್ಲವೇ ಪ್ರತಿ ಪ್ಯಾರಾಕ್ಕೂ ನಿಂತು ನಿಂತು ಓದಿನ ಓಟವೇ ಕೆಟ್ಟು, ಪುಸ್ತಕ ಅರ್ಧಕ್ಕೇ ಉಳಿಯುತ್ತದೆ. ಖುಷಿಗೆ ಓದುವಾಗ ಹಾಕುವ ಗುರುತಿನ ಕೆಲಸವೇ ಬೇರೆ. ಐದು ವರ್ಷ ಬಿಟ್ಟು ಅದೇ ಪುಸ್ತಕ ತೆರೆದಾಗ, ಆಗ ಏನು ಹೊಳೆದಿತ್ತು, ಎಲ್ಲಿ ತಡವರಿಸಿದ್ದೆ ಎಂಬುದು ನಿಮಗೇ ಗೊತ್ತಾಗಬೇಕು, ಅಷ್ಟೇ. ಆದ್ದರಿಂದ ಗುರುತು ಕಡಿಮೆ ಇರಲಿ; ಹಾಕಿದ ಒಂದೊಂದಕ್ಕೂ ಕಾರಣ ಅಲ್ಲೇ ಸಿಗುವಂತಿರಲಿ. ಮುಂದೆ ಹೇಳುವುದೆಲ್ಲ ಈ ಎರಡು ಮಾತಿಗೆ ಹೊಂದಿಕೊಂಡೇ ಇದೆ.

ಮೊದಲು ಕಾಗದ ನೋಡಿ

ಹಕ್ಕು, ಬೆಲೆ, ಪ್ರಕಾಶಕರ ವಿಳಾಸ ಇರುವ ಪುಟವನ್ನು ತಿರುವಿ. ಹೆಚ್ಚಿನ ಕನ್ನಡ ಪುಸ್ತಕಗಳಲ್ಲಿ 'ಬಳಸಿದ ಕಾಗದ' ಎಂಬ ಸಾಲು ಅಲ್ಲೇ ಇರುತ್ತದೆ: 70 ಜಿಎಸ್‌ಎಂ ಮ್ಯಾಪ್‌ಲಿಥೋ, ಡೆಮಿ 1/8 ಎಂಬಂತೆ. ಮ್ಯಾಪ್‌ಲಿಥೋ ಎಂದರೆ ಮುದ್ರಣದ ಕಾಗದದ ಒಂದು ಬಗೆ, ಡೆಮಿ 1/8 ಎಂದರೆ ಪುಸ್ತಕದ ಅಳತೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೆನ್ಸಿಲಿನ ಗುರುತು ಚೆನ್ನಾಗಿ ನಿಲ್ಲುತ್ತದೆ, ಅಳಿಸಿದರೆ ಹೋಗುತ್ತದೆ. 60ರ ಕಾಗದದಲ್ಲಿ ಸ್ವಲ್ಪ ಒತ್ತಿ ಬರೆದರೂ ಹಿಂದಿನ ಪುಟದಲ್ಲಿ ಉಬ್ಬು ಮೂಡುತ್ತದೆ. ಹಳೆಯ ಅಗ್ಗದ ಆವೃತ್ತಿಗಳ ನ್ಯೂಸ್‌ಪ್ರಿಂಟ್ ಇನ್ನೂ ತೆಳು. ಅದರ ಮೇಲೆ ರಬ್ಬರ್ ಉಜ್ಜಿದರೆ ಕಾಗದದ ನಾರೇ ಎದ್ದು ಬರುತ್ತದೆ.

ಪುಟದ ಅಂಚು ಕಂದುಬಣ್ಣಕ್ಕೆ ತಿರುಗಿ, ತಿರುವುವಾಗ ಮೂಲೆಯ ಚೂರು ಕೈಗೆ ಬರುವಂತಿದ್ದರೆ ಆ ಪುಸ್ತಕದಲ್ಲಿ ಏನನ್ನೂ ಬರೆಯಬೇಡಿ. ಅಗ್ಗದ ಕಾಗದದಲ್ಲಿ ಉಳಿದ ಮರದ ಲಿಗ್ನಿನ್ ಮತ್ತು ಆಮ್ಲದ ಅಂಶದಿಂದ ಅದು ಈಗಾಗಲೇ ಪೆಡಸಾಗಿರುತ್ತದೆ, ಪೆನ್ಸಿಲಿನ ಮೊನೆ ತಾಗಿದಲ್ಲೇ ಸೀಳಬಹುದು. ಅಂಥದ್ದಕ್ಕೆ ಕಾಗದದ ಪಟ್ಟಿಯೇ ಸರಿ. ಅದರ ವಿಷಯ ಮುಂದೆ ಬರುತ್ತದೆ.

ಯಾವ ಪುಸ್ತಕವಾದರೂ ಸರಿ, ಕೊನೆಯ ಖಾಲಿ ಪುಟದ ಕೆಳಮೂಲೆಯಲ್ಲಿ ಮೊದಲು ಒಂದು ಪರೀಕ್ಷೆ ಮಾಡಿ. ಒಂದಿಂಚು ಗೆರೆ ಎಳೆಯಿರಿ, ಬೆರಳಿನಿಂದ ಸವರಿ ನೋಡಿ, ಪುಟ ತಿರುವಿ ಹಿಂಬದಿ ನೋಡಿ, ಆಮೇಲೆ ಅಳಿಸಿ. ಅರ್ಧ ನಿಮಿಷದ ಈ ಕೆಲಸ ಮುನ್ನೂರು ಪುಟ ಉಳಿಸುತ್ತದೆ.

ಯಾವ ಪೆನ್ಸಿಲ್, ಬೇರೆಯವು ಏಕೆ ಬೇಡ

ಎಚ್‌ಬಿ ಅಥವಾ ಬಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ನಟರಾಜ್ ಪೆನ್ಸಿಲ್ ಸಾಕು. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಯ ಮಿಶ್ರಣ. ಜೇಡಿ ಹೆಚ್ಚಾದಷ್ಟೂ ಅದು ಗಟ್ಟಿ. ಹಾಗಾಗಿ 2ಎಚ್ ಕಡ್ಡಿಯಲ್ಲಿ ಗೆರೆ ಮಸುಕಾಗಿ ಬಂದು ಕಾಗದದಲ್ಲಿ ಗೀರು ಮಾತ್ರ ಆಳವಾಗಿ ಉಳಿಯುತ್ತದೆ. 2ಬಿ ದಾಟಿದರೆ ಗೆರೆ ಕಪ್ಪಾಗಿ ಚೆಂದ ಕಂಡರೂ ಪುಸ್ತಕ ಮುಚ್ಚಿದಾಗ ಎದುರು ಪುಟಕ್ಕೆ ಮಸಿ ಹತ್ತುತ್ತದೆ. 'ಎಕ್ಸ್‌ಟ್ರಾ ಡಾರ್ಕ್' ಎಂದು ಮಾರುವ ಪೆನ್ಸಿಲ್‌ಗಳಲ್ಲೂ ಇದೇ ತೊಂದರೆ. ಮೆಕ್ಯಾನಿಕಲ್ ಪೆನ್ಸಿಲ್ ಇಷ್ಟವಿದ್ದರೆ 0.7 ಮಿ.ಮೀ. ಕಡ್ಡಿಯದನ್ನು ತೆಗೆದುಕೊಳ್ಳಿ, 0.5ರದ್ದು ತೆಳು ಕಾಗದವನ್ನು ಚುಚ್ಚುತ್ತದೆ. ಮರದ ಪೆನ್ಸಿಲನ್ನು ಹೆರೆದ ಕೂಡಲೇ ಪುಸ್ತಕಕ್ಕೆ ಇಡಬೇಡಿ. ಯಾವುದಾದರೂ ಬೇಡದ ಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಮೊನೆಯ ಚೂಪು ಕಳೆದರೆ ಗೀರು ಬೀಳುವುದಿಲ್ಲ.

ಬಾಲ್ ಪೆನ್ನಿಗೆ ಒತ್ತಡ ಬೇಕು, ಅಳಿಸಲು ಬಾರದು. ಮೇಲಾಗಿ ಅದರ ಎಣ್ಣೆಯಂಶದ ಮಸಿ ವರ್ಷಗಳು ಕಳೆದಂತೆ ಗೆರೆಯ ಸುತ್ತ ಹಬ್ಬಿಕೊಳ್ಳಬಹುದು. ಜೆಲ್ ಪೆನ್ನಿನ ಮಸಿ ಒಣಗುವ ಮೊದಲೇ ಪುಟ ತಿರುವಿದರೆ ಎದುರಿಗೆ ತಿರುಗುಮುರುಗಾದ ಅಚ್ಚು ಬೀಳುತ್ತದೆ. ಹೈಲೈಟರ್ ಬಗ್ಗೆ ನಮ್ಮ ಆಕ್ಷೇಪ ಇನ್ನೂ ದೊಡ್ಡದು. ನೀರಿನಂಶದ ಆ ಬಣ್ಣ 60–70 ಜಿಎಸ್‌ಎಂ ಕಾಗದದಲ್ಲಿ ಹಿಂಬದಿಗೆ ಇಳಿಯುವುದು, ಬೆಳಕಿಗೆ ಮಾಸುವುದು ಎರಡೂ ಇದ್ದದ್ದೇ. ಅದಕ್ಕಿಂತ ಕೆಟ್ಟದ್ದೆಂದರೆ ಎರಡನೇ ಸಲ ಓದುವಾಗ ಕಣ್ಣು ಹಳದಿಯಿಂದ ಹಳದಿಗೆ ಹಾರಿ, ನಡುವಿನ ಸಾಲುಗಳನ್ನು ಬಿಟ್ಟುಬಿಡುತ್ತದೆ. ಕಥೆಯಾಗಲಿ ಕವಿತೆಯಾಗಲಿ ಹಾಗೆ ಓದುವ ವಸ್ತುವಲ್ಲ.

ಅಂಟುಚೀಟಿಗಳನ್ನು ಅನೇಕರು ಪುಸ್ತಕಕ್ಕೆ ಹಾನಿ ಮಾಡದ ಉಪಾಯವೆಂದು ನಂಬಿದ್ದಾರೆ. ಚೀಟಿ ತೆಗೆದ ಮೇಲೂ ಅಂಟಿನ ಸೂಕ್ಷ್ಮ ಪದರ ಪುಟದ ಮೇಲೆ ಉಳಿಯುತ್ತದೆ. ಅದಕ್ಕೆ ಧೂಳು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಪುಟಕ್ಕೆ ಪುಟ ಅಂಟಲೂಬಹುದು. ಹಳೆಯ ಮುದ್ರಣದ ಮೇಲೆ ಹಚ್ಚಿದ್ದರೆ ಕೀಳುವಾಗ ಅಕ್ಷರವೂ ಜೊತೆಗೆ ಏಳಬಹುದು. ಬಳಸಲೇಬೇಕೆಂದಿದ್ದರೆ ಅಕ್ಷರವಿಲ್ಲದ ಅಂಚಿಗೆ ಹಚ್ಚಿ, ಪುಸ್ತಕ ಮುಗಿದ ವಾರದಲ್ಲೇ ಎಲ್ಲವನ್ನೂ ತೆಗೆಯಿರಿ.

ಇದಕ್ಕಿಂತ ಒಳ್ಳೆಯದು ಅಂಟಿಲ್ಲದ ಪಟ್ಟಿ. ಒಂದು ಎ4 ಹಾಳೆಯನ್ನು 10 ಸೆಂ.ಮೀ. ಉದ್ದ, 1.5 ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ 38 ಪಟ್ಟಿಗಳಾಗುತ್ತವೆ. ಎರಡು ಪುಸ್ತಕಕ್ಕೆ ಧಾರಾಳ. ಪಟ್ಟಿಗೆ ಹಳೇ ಪತ್ರಿಕೆಯ ಕಾಗದ ಮಾತ್ರ ಬೇಡ. ಅದನ್ನು ಪುಟದ ನಡುವೆ ತಿಂಗಳುಗಟ್ಟಲೆ ಬಿಟ್ಟರೆ ಅದರ ಆಕಾರದಲ್ಲೇ ಕಂದು ಕಲೆ ಉಳಿಯುತ್ತದೆ.

ಗೆರೆ ಸಾಲಿನಡಿಗಲ್ಲ, ಪಕ್ಕಕ್ಕೆ

ಇಂಗ್ಲಿಷ್ ಪುಸ್ತಕಕ್ಕೆ ಒಪ್ಪುವ ಅಡಿಗೆರೆ ಕನ್ನಡಕ್ಕೆ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಸಾಲಿನಿಂದ ಕೆಳಗಿಳಿಯುವ ಅಕ್ಷರಗಳು ನಾಲ್ಕೈದು ಮಾತ್ರ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳೆಲ್ಲ ಸಾಲಿನ ಕೆಳಗೇ ನೇತಾಡುತ್ತವೆ. 'ಕನ್ನಡ', 'ಪುಸ್ತಕ', 'ಅಕ್ಕ', ಹೀಗೆ ಯಾವ ಸಾಲು ತೆಗೆದರೂ ಎರಡು ಮೂರು ಒತ್ತು ಇದ್ದೇ ಇರುತ್ತದೆ; 'ರಾಷ್ಟ್ರ', 'ಸ್ತ್ರೀ'ಯಂಥವು ಎರಡು ಅಂತಸ್ತು ಇಳಿಯುತ್ತವೆ. ಅಡಿಗೆರೆ ಎಳೆದರೆ ಅದು ಒತ್ತುಗಳ ಮೈಮೇಲೇ ಹಾದುಹೋಗುತ್ತದೆ. ಇನ್ನಷ್ಟು ಕೆಳಗೆ ಎಳೆಯೋಣವೆಂದರೆ ಮುಂದಿನ ಸಾಲಿನ ತಲೆಕಟ್ಟು, ಗುಡಿಸು ಅಡ್ಡ ಬರುತ್ತವೆ. ಸಾಲುಗಳನ್ನು ಬಿಗಿಯಾಗಿ ಜೋಡಿಸಿದ ಪುಸ್ತಕದಲ್ಲಿ ನಡುವೆ ಪೆನ್ಸಿಲಿಗೆ ಜಾಗವೇ ಇರುವುದಿಲ್ಲ. ಪದಕ್ಕೆ ಸುತ್ತು ಹಾಕುವುದರಲ್ಲೂ ಇದೇ ಕಷ್ಟ.

ಅದಕ್ಕೇ ಪಕ್ಕಗೆರೆ. ಮುದ್ರಣದಿಂದ 3–4 ಮಿ.ಮೀ. ಬಿಟ್ಟು, ಬೇಕಾದ ಸಾಲುಗಳಷ್ಟು ಎತ್ತರಕ್ಕೆ ಅಂಚಿನಲ್ಲಿ ಒಂದು ನೇರ ಗೆರೆ. ಸ್ಕೇಲ್ ಬೇಡ, ಕೈಬೀಸಿನದೇ ಸಾಕು. ಸಾಲಿನ ನಡುವಿನ ಒಂದು ತುಂಡು ಮಾತ್ರ ಬೇಕೆನಿಸಿದರೆ ಅದು ಶುರುವಾಗುವಲ್ಲಿ, ಮುಗಿಯುವಲ್ಲಿ ಪದದ ತಲೆಯ ಮೇಲೆ ಚಿಕ್ಕ ಮೂಲೆ ಗುರುತು ಹಾಕಿ. ಗುರುತು ಯಾವಾಗಲೂ ಹೊರ ಅಂಚಿನಲ್ಲಿರಲಿ: ಎಡಪುಟದಲ್ಲಿ ಎಡಕ್ಕೆ, ಬಲಪುಟದಲ್ಲಿ ಬಲಕ್ಕೆ. ಒಳ ಅಂಚಿನಲ್ಲಿ ಬರೆಯಲು ಪುಸ್ತಕವನ್ನು ಅಗಲಿಸಿ ಒತ್ತಬೇಕಾಗುತ್ತದೆ. ಈಗಿನ ಪುಸ್ತಕಗಳಲ್ಲಿ ಹೆಚ್ಚಿನವು ಹೊಲಿಗೆಯಿಲ್ಲದೆ ಬರೀ ಅಂಟಿನಿಂದ ನಿಂತವು. ಬೆನ್ನು ಒಮ್ಮೆ ಬಿರಿಯಿತೆಂದರೆ ಅಲ್ಲಿಂದಲೇ ಹಾಳೆಗಳು ಕಳಚತೊಡಗುತ್ತವೆ. ಮೇಲ್ತುದಿಯಿಂದ ಬೆನ್ನನ್ನು ನೋಡಿದರೆ ಗೊತ್ತಾಗುತ್ತದೆ. ಹೊಲಿದದ್ದರಲ್ಲಿ ಮಡಿಕೆಗಳ ಕಟ್ಟುಗಳು ಸಾಲಾಗಿ ಕಾಣುತ್ತವೆ, ಅಂಟಿಸಿದ್ದರಲ್ಲಿ ಬಿಡಿ ಹಾಳೆಗಳ ಅಂಚು ಒಂದೇ ಸಮನಾಗಿರುತ್ತದೆ.

ಚಿಹ್ನೆಗಳು ಐದಕ್ಕಿಂತ ಹೆಚ್ಚಾದರೆ ನೆನಪಿರುವುದಿಲ್ಲ. ನಾವು ಹೇಳುವ ಐದು ಇವು: ಬರೀ ಪಕ್ಕಗೆರೆ ಎಂದರೆ ಮತ್ತೆ ಓದಬೇಕೆನಿಸಿದ ಸಾಲು. ಪ್ರಶ್ನಾರ್ಥಕ ಚಿಹ್ನೆ ಎಂದರೆ ಅರ್ಥವಾಗಲಿಲ್ಲ ಅಥವಾ ಒಪ್ಪಲಾಗಲಿಲ್ಲ. 'ಅ' ಎಂದರೆ ಆ ಸಾಲಿನಲ್ಲಿ ಅರ್ಥ ನೋಡಬೇಕಾದ ಪದವಿದೆ. ಪದದ ತಲೆಯ ಮೇಲೊಂದು ಸಣ್ಣ ಗೀಟು. 'ಹೆ' ಎಂದರೆ ಹೊಸ ಹೆಸರು ಬಂತು. ಪುಟಸಂಖ್ಯೆಯ ಜೊತೆ ಬಾಣ ಇದ್ದರೆ ಈ ಮಾತಿಗೆ ಆ ಪುಟದ ಜೊತೆ ಸಂಬಂಧವಿದೆ ಎಂದು. ಮುಖಪುಟದ ಒಳಬದಿಯಲ್ಲಿ ಈ ಪಟ್ಟಿಯನ್ನೂ ಓದಲು ಶುರು ಮಾಡಿದ ತಿಂಗಳು, ವರ್ಷವನ್ನೂ ಬರೆದಿಡಿ. ಎಲ್ಲ ಪುಸ್ತಕಕ್ಕೂ ಇವೇ ಚಿಹ್ನೆಗಳಿರಲಿ, ಬದಲಾಯಿಸಬೇಡಿ.

ಓದುವಾಗ

1. ಕಾದಂಬರಿಯಾದರೆ ಮೊದಲ 25–30 ಪುಟ ಪೆನ್ಸಿಲ್ ಮುಟ್ಟಬೇಡಿ. ಬರಹಗಾರರ ದನಿ ಕಿವಿಗೆ ಹತ್ತುವ ಮೊದಲು ಎಲ್ಲವೂ ವಿಶೇಷವಾಗಿಯೇ ಕಾಣುತ್ತದೆ, ಆಗ ಹಾಕಿದ ಗುರುತುಗಳಲ್ಲಿ ಬಹುಪಾಲು ಆಮೇಲೆ ವ್ಯರ್ಥ. ಹೆಸರುಗಳಿಗೆ ಮಾತ್ರ ಇದರಿಂದ ವಿನಾಯಿತಿ.

2. ಓದುತ್ತಿರುವಾಗ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಒಂದು ಸೆಕೆಂಡಿನ ಕೆಲಸ, ಓದು ನಿಲ್ಲುವುದಿಲ್ಲ. ಬಸ್ಸಿನಲ್ಲೋ ರೈಲಿನಲ್ಲೋ ಓದುವವರಿಗಂತೂ ಚುಕ್ಕೆಯೇ ಸರಿ, ಕುಲುಕಾಟದಲ್ಲಿ ಎಳೆದ ಗೆರೆ ಅಕ್ಷರದ ಮೇಲೆ ಹೋಗುತ್ತದೆ.

3. ಅಧ್ಯಾಯ ಮುಗಿದಾಗ ಎರಡು ನಿಮಿಷ ನಿಂತು ಹಿಂದಕ್ಕೆ ತಿರುವಿ. ಚುಕ್ಕೆಯಿಟ್ಟ ಸಾಲು ಈಗಲೂ ಹಿಡಿದು ನಿಲ್ಲಿಸಿದರೆ ಚುಕ್ಕೆಯನ್ನು ಗೆರೆಯಾಗಿಸಿ, ಪಕ್ಕದಲ್ಲಿ ಕಾರಣ ಬರೆಯಿರಿ. ಇಲ್ಲದಿದ್ದರೆ ಚುಕ್ಕೆಯನ್ನು ಹಾಗೇ ಬಿಡಿ. ಹತ್ತು ಚುಕ್ಕೆಗಳಲ್ಲಿ ಮೂರೋ ನಾಲ್ಕೋ ಗೆರೆಯಾದರೆ ಸರಿಯಾದ ಲೆಕ್ಕ. 300 ಪುಟದ ಪುಸ್ತಕಕ್ಕೆ 30–40 ಪಕ್ಕಗೆರೆ ಸಾಕೇ ಸಾಕು.

4. ಅಧ್ಯಾಯದ ಕೊನೆಯಲ್ಲಿ ಉಳಿಯುವ ಅರ್ಧಪುಟದ ಖಾಲಿ ಜಾಗವನ್ನು ಯಾರೂ ಬಳಸುವುದಿಲ್ಲ, ಆದರೆ ಇಡೀ ಪುಸ್ತಕದಲ್ಲಿ ಬರೆಯಲು ಅಷ್ಟು ಅನುಕೂಲದ ಜಾಗ ಬೇರೆ ಇಲ್ಲ. ಆ ಅಧ್ಯಾಯದಲ್ಲಿ ಏನು ನಡೆಯಿತೆಂದು ಒಂದು ಸಾಲು, ಮುಂದೆ ಏನಾಗಬಹುದೆಂಬ ನಿಮ್ಮ ಊಹೆ ಒಂದು ಸಾಲು. ಹದಿನೈದು ದಿನ ಓದು ನಿಂತುಹೋದರೂ ಈ ಸಾಲುಗಳನ್ನು ನೋಡಿಕೊಂಡು ಬಿಟ್ಟಲ್ಲಿಂದ ಹಿಡಿಯಬಹುದು.

ಅಂಚಿನಲ್ಲಿ ಬರೆಯುವ ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚಿನ ಟಿಪ್ಪಣಿ ಸೋಲುವುದು ಇಲ್ಲೇ. 'ಚೆನ್ನಾಗಿದೆ', 'ಸೂಪರ್', 'ನಿಜ' ಎಂದು ಬರೆದರೆ ಎರಡು ವರ್ಷದ ನಂತರ ಅದರಿಂದ ಏನೂ ತಿಳಿಯದು. ಗೆರೆಯೇ ಅಷ್ಟನ್ನು ಹೇಳಿಯಾಗಿರುತ್ತದೆ. ಸಾಲಿನ ಸಾರಾಂಶವನ್ನು ಬರೆಯುವುದೂ ದಂಡ, ಸಾಲು ಪಕ್ಕದಲ್ಲೇ ಇದೆಯಲ್ಲ. ಗೆರೆ ಏಕೆ ಬಿತ್ತು ಎಂಬುದನ್ನು ಮೂರರಿಂದ ಏಳು ಪದಗಳಲ್ಲಿ ಬರೆಯಿರಿ. 'ಸುಳ್ಳು ಹೇಳುತ್ತಿದ್ದಾಳೆ, ಪು. 42 ನೋಡು', 'ಅಜ್ಜಿಯೂ ಹೀಗೇ ಬೈಯುತ್ತಿದ್ದಳು', 'ಮಳೆ ಬಂದಾಗಲೆಲ್ಲ ಜಗಳ', 'ಇಲ್ಲಿ ಕಥೆ ನಿಧಾನವಾಯಿತು, ಏಕೆ?' ಇಂಥವು ಮುಂದೆ ಉಪಯೋಗಕ್ಕೆ ಬರುತ್ತವೆ. ಬೇಸರವಾದದ್ದನ್ನೂ ಬರೆಯಿರಿ. ಎರಡನೇ ಓದಿನಲ್ಲಿ ಅಭಿಪ್ರಾಯ ಬದಲಾಗುವುದು ಹೆಚ್ಚಾಗಿ ಅಲ್ಲೇ.

ಡೆಮಿ 1/8 ಪುಟದ ಹೊರ ಅಂಚು ಒಂದೂವರೆ, ಹೆಚ್ಚೆಂದರೆ ಎರಡು ಸೆಂ.ಮೀ. ಇರುತ್ತದೆ. ಕನ್ನಡ ಅಕ್ಷರವನ್ನು ಒತ್ತಿನೊಡನೆ ಓದುವ ಹಾಗೆ ಬರೆಯಲು ಕನಿಷ್ಠ 3 ಮಿ.ಮೀ. ಎತ್ತರ ಬೇಕು. ಅಂದರೆ ಒಂದು ಸಾಲಿಗೆ ಒಂದೆರಡು ಪದ ಹಿಡಿದರೆ ಹೆಚ್ಚು. ಅದಕ್ಕಿಂತ ಉದ್ದದ ಮಾತಿದ್ದರೆ ಅಂಚಿನಲ್ಲಿ 1, 2 ಎಂದು ಅಂಕಿ ಹಾಕಿ ಪುಟದ ಕೆಳಗಿನ ಜಾಗದಲ್ಲಿ ಬರೆಯಿರಿ. ಪುಸ್ತಕ ತಿರುಗಿಸಿ ಅಡ್ಡಡ್ಡ ಬರೆದರೆ ಓದುವಾಗಲೂ ಪ್ರತಿ ಸಲ ತಿರುಗಿಸಬೇಕಾಗುತ್ತದೆ.

ಹೆಸರುಗಳ ಹಾಳೆ

ದೊಡ್ಡ ಕಾದಂಬರಿಗಳನ್ನು ಅರ್ಧಕ್ಕೆ ಬಿಟ್ಟವರನ್ನು ಕೇಳಿ ನೋಡಿ, ಹೆಚ್ಚಿನವರು ಹೇಳುವುದು ಒಂದೇ: 'ಯಾರು ಯಾರೆಂದು ಗೊತ್ತಾಗಲಿಲ್ಲ.' ಇದಕ್ಕೆ ಒಂದು ಹಾಳೆಯ ಪರಿಹಾರವಿದೆ. ಎ4 ಹಾಳೆಯನ್ನು ಮಧ್ಯಕ್ಕೆ ಮಡಿಸಿ ಹಿಂಬದಿಯ ರಟ್ಟಿನೊಳಗೆ ಇಟ್ಟುಕೊಳ್ಳಿ. ಅಂಟಿಸಬೇಡಿ, ಗೋಂದಿಗೆ ಹುಳು ಬರುತ್ತದೆ, ರಟ್ಟು ಸೆಳೆದುಕೊಂಡು ಬಾಗುತ್ತದೆ. ಮಡಿಸಿದ ಹಾಳೆ ಒಂದೆರಡಕ್ಕಿಂತ ಹೆಚ್ಚೂ ಬೇಡ, ದಪ್ಪವಾದರೆ ಬೆನ್ನಿನ ಅಂಟಿನ ಮೇಲೆ ಒತ್ತಡ ಬೀಳುತ್ತದೆ.

ಹೆಸರುಗಳನ್ನು ಬಂದ ಕ್ರಮದಲ್ಲಿ ಪಟ್ಟಿ ಮಾಡಿದರೆ ಪ್ರಯೋಜನವಿಲ್ಲ. ಆ ಕಾದಂಬರಿಯ ಜನರನ್ನು ಯಾವುದು ಒಟ್ಟಿಗೆ ಕಟ್ಟಿದೆಯೋ ಅದರ ಪ್ರಕಾರ ಹಾಳೆಯನ್ನು ಭಾಗ ಮಾಡಬೇಕು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಒಳ್ಳೆಯ ಉದಾಹರಣೆ. ಅಲ್ಲಿ ಒಬ್ಬನೇ ನಾಯಕನಿಲ್ಲ; ಹತ್ತಾರು ಜನ ಒಂದೇ ತೂಕದಲ್ಲಿ ಬರುತ್ತಾರೆ. ಆದರೆ ಹೆಚ್ಚಿನವರನ್ನು ಯಾವುದಾದರೂ ಊರಿಗೆ, ಮನೆಗೆ ಸೇರಿಸಿ ಗುರುತಿಸಬಹುದು: ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ. ಹಾಳೆಯಲ್ಲಿ ಮನೆಗೊಂದು ಚೌಕ ಮಾಡಿ ಆಯಾ ಮನೆಯ ಒಡೆಯರು, ಹೆಂಗಸರು, ಮಕ್ಕಳು, ಆಳುಗಳನ್ನು ಅದರೊಳಗೆ ಬರೆಯಿರಿ. ಮುಕುಂದಯ್ಯ ಕೋಣೂರಿನ ಚೌಕದಲ್ಲಿ, ಚಿನ್ನಮ್ಮ ಹೂವಳ್ಳಿಯಲ್ಲಿ. ಇಬ್ಬರ ನಡುವೆ ಗೆರೆ. ಗುತ್ತಿಯ ಪಕ್ಕದಲ್ಲಿ ಅವನ ನಾಯಿ ಹುಲಿಯನ ಹೆಸರೂ ಇರಲಿ, ಆ ನಾಯಿಯೂ ಅಲ್ಲಿ ಒಂದು ಪಾತ್ರವೇ. ಚೌಕಗಳನ್ನು ಒಂದಕ್ಕೊಂದು ಸೇರಿಸುವ ಗೆರೆಗಳು ಹೆಚ್ಚಾದಂತೆ ಕಾದಂಬರಿಯ ಕಟ್ಟು ಕಣ್ಣಿಗೇ ಕಾಣತೊಡಗುತ್ತದೆ. ಅದೊಂದು ಬೇರೆಯೇ ಸಂತೋಷ.

ಹೆಸರನ್ನು ಹಾಳೆಗೆ ಏರಿಸುವುದು ಅದು ಎರಡನೇ ಸಲ ಬಂದಾಗ. ಒಮ್ಮೆ ಬಂದು ಮರೆಯಾಗುವವರು ಎಷ್ಟೋ ಜನ. ಮೊದಲ ಸಲ ಬಂದಾಗ ಅಂಚಿನಲ್ಲಿ 'ಹೆ' ಹಾಕಿದ್ದೀರಲ್ಲ, ಆ ಪುಟಸಂಖ್ಯೆಯನ್ನು ಹೆಸರಿನ ಮುಂದೆ ಬರೆಯಿರಿ. ಅಡ್ಡಹೆಸರು, ಕರೆಯುವ ಹೆಸರು, ಸಂಬಂಧ ಇಷ್ಟೂ ಬೇಕು. ಸತ್ತರು, ಓಡಿಹೋದರು ಎಂಬುದನ್ನು ಮಾತ್ರ ಈ ಹಾಳೆಯಲ್ಲಿ ಬರೆಯಬೇಡಿ. ನಾಳೆ ಈ ಪುಸ್ತಕವನ್ನು ಮನೆಯ ಇನ್ನೊಬ್ಬರು ಓದುತ್ತಾರೆ.

ರಷ್ಯನ್ ಕಾದಂಬರಿಗಳ ಅನುವಾದದಲ್ಲಿ ಒಬ್ಬನಿಗೇ ಸ್ವಂತ ಹೆಸರು, ತಂದೆಯ ಹೆಸರಿನಿಂದ ಬಂದದ್ದು, ಮನೆತನದ ಹೆಸರು, ಮುದ್ದಿನ ಹೆಸರು ಎಂದು ನಾಲ್ಕು ಇರುತ್ತವೆ. ಅಲ್ಲಿ ಹಾಳೆಯನ್ನು ವ್ಯಕ್ತಿಗೊಂದು ಸಾಲಿನಂತೆ ಮಾಡಿ ಎಲ್ಲ ಹೆಸರನ್ನೂ ಅದೇ ಸಾಲಿಗೆ ಸೇರಿಸಿ. ಮಹಾಭಾರತದ ಕಾವ್ಯಗಳಿಗೂ ಇದೇ ವಿಧಾನ: ಪಾರ್ಥ, ಫಲುಗುಣ, ಕಿರೀಟಿ, ಧನಂಜಯ, ಸವ್ಯಸಾಚಿ ಎಲ್ಲವೂ ಅರ್ಜುನನ ಸಾಲಿಗೆ.

ಹಳೆಯ ಕಾವ್ಯ ಓದುವವರಿಗೆ

ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಸುಮ್ಮನೆ ಸಂತೋಷಕ್ಕೆ ಓದಲು ಕೂತವರಿಗೆ ಮೊದಲು ಎದುರಾಗುವ ಅಡ್ಡಿ ಪದಗಳ ಅರ್ಥದ್ದಲ್ಲ, ಪದ ಎಲ್ಲಿ ಮುಗಿಯಿತು ಎಂಬುದರದ್ದು. ಸಂಧಿಯಾಗಿ ಬೆಸೆದ ಸಾಲಿನಲ್ಲಿ ತಪ್ಪು ಜಾಗದಲ್ಲಿ ಒಡೆದರೆ ಅರ್ಥವೇ ಬೇರೆಯಾಗುತ್ತದೆ. 'ಎಲ್ಲರಳುತಿರೆ' ಎಂಬುದನ್ನು 'ಎಲ್ಲ ಅರಳುತಿರೆ' ಎಂದು ಓದಿದರೆ ಹೂವಿನ ತೋಟ, 'ಎಲ್ಲರ್ ಅಳುತಿರೆ' ಎಂದು ಓದಿದರೆ ಸಾವಿನ ಮನೆ. ಆದ್ದರಿಂದ ಪದ್ಯದಲ್ಲಿ ಮಾತ್ರ ಸಾಲಿನೊಳಗೆ ಪೆನ್ಸಿಲ್ ಇಡಬಹುದು: ಪದಗಳು ಒಡೆಯುವಲ್ಲಿ ಅಕ್ಷರಗಳ ನಡುವೆ ತೆಳುವಾದ ಒಂದು ಓರೆಗೀಟು. ಮೊದಲು ಗಟ್ಟಿಯಾಗಿ ಓದಿ, ಆಮೇಲೆ ಗೀಟು ಹಾಕಿ, ಮತ್ತೊಮ್ಮೆ ಓದಿ.

ಇಲ್ಲೊಂದು ಎಚ್ಚರ. ಛಂದಸ್ಸಿನ ಗಣ ಒಡೆಯುವ ಜಾಗ ಬೇರೆ, ಪದ ಒಡೆಯುವ ಜಾಗ ಬೇರೆ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳು 3–4–3–4 ಮಾತ್ರೆಗಳಲ್ಲಿ ನಡೆಯುತ್ತವೆ. 3 ಮತ್ತು 6ನೆಯವು 3–4ರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ಗಣವನ್ನೂ ಗುರುತಿಸುವ ಆಸೆಯಿದ್ದರೆ ಸಾಲಿನ ಮೇಲೆ ಚುಕ್ಕೆಯಿಡಿ, ಓರೆಗೀಟನ್ನು ಪದಕ್ಕೇ ಮೀಸಲಿಡಿ. ಎರಡಕ್ಕೂ ಒಂದೇ ಗುರುತಾದರೆ ಪುಟ ಓದಲು ಬಾರದು. ಹತ್ತಿಪ್ಪತ್ತು ಪದ್ಯವಾದ ಮೇಲೆ ನಡೆ ಕಿವಿಗೆ ಕೂತು ಗೀಟುಗಳು ತಾವಾಗಿ ಕಡಿಮೆಯಾಗುತ್ತವೆ.

ಅರ್ಥ ತಿಳಿಯದ ಪದ ಬಂದ ಕೂಡಲೇ ನಿಘಂಟಿಗೆ ಓಡಬೇಡಿ. ಅಂಚಿನಲ್ಲಿ 'ಅ' ಹಾಕಿ, ಪಕ್ಕದಲ್ಲಿ ನಿಮ್ಮ ಊಹೆಯನ್ನು ಬರೆದು ಮುಂದೆ ಹೋಗಿ. ಸಂಧಿ (ಕಾವ್ಯದ ಅಧ್ಯಾಯ) ಮುಗಿದ ಮೇಲೆ ಎಲ್ಲ 'ಅ'ಗಳನ್ನೂ ಒಟ್ಟಿಗೆ ನೋಡಿ. ಮೂರರಲ್ಲಿ ಒಂದಾದರೂ ಮುಂದಿನ ಪದ್ಯದಲ್ಲೇ ತಿಳಿದುಹೋಗಿರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೈಗೆಟಕಿದರೆ ಅದು, ಇಲ್ಲವಾದರೆ 1894ರ ಕಿಟೆಲ್ ನಿಘಂಟು. ಹಳಗನ್ನಡದ್ದಾದರೆ ಒಂದು ಸೂತ್ರ ನೆನಪಿರಲಿ: 'ಪ'ದಿಂದ ಶುರುವಾಗುವ ಪದ ಸಿಗದಿದ್ದರೆ 'ಹ'ದಲ್ಲಿ ಹುಡುಕಿ, 'ಪಾಲ್' ಹಾಲಾದಂತೆ. 'ೞ' ಇದ್ದರೆ 'ಳ'ದಲ್ಲೂ ನೋಡಿ, 'ಪೞೆಯ' ಹಳೆಯ ಆದಂತೆ. ನಿಘಂಟು ಆರು ಅರ್ಥ ಕೊಟ್ಟರೂ ಅಂಚಿಗೆ ಬರೆಯುವುದು ಆ ಪದ್ಯಕ್ಕೆ ಹೊಂದುವ ಒಂದನ್ನೇ.

ಬೇರೆ ಬಗೆಯ ಪುಸ್ತಕಗಳಿಗೆ ಇಷ್ಟೆಲ್ಲ ಬೇಡ. ಪತ್ತೇದಾರಿ ಕಾದಂಬರಿಯಲ್ಲಿ ಅನುಮಾನ ಬಂದವರ ಹೆಸರನ್ನು ಅಧ್ಯಾಯದ ಕೊನೆಗೆ ಬರೆದು ಹೋಗಿ, ಮುಗಿದ ಮೇಲೆ ನೋಡಿಕೊಳ್ಳಲು ಮಜವಾಗಿರುತ್ತದೆ. ಆತ್ಮಕಥೆಯಲ್ಲಿ ಪುಟದ ಮೇಲ್ಭಾಗದಲ್ಲಿ ಇಸವಿ ಬರೆದುಕೊಂಡರೆ ಸಾಕು. ಅಡುಗೆ ಪುಸ್ತಕದಲ್ಲಿ ನೀವು ಬದಲಿಸಿದ ಅಳತೆ, ಮಾಡಿದ ತಾರೀಕು, ಎಷ್ಟು ಜನಕ್ಕೆ ಆಯಿತೆಂಬುದು; ಅಲ್ಲಿ ಪೆನ್ನಿನಲ್ಲೇ ಬರೆಯಬಹುದು, ಪದೇ ಪದೇ ಕೈ ತಾಗಿದರೆ ಪೆನ್ಸಿಲ್ ನಿಲ್ಲುವುದಿಲ್ಲ.

ಕೊನೆಯ ಪುಟದ ಸೂಚಿ

ಮುನ್ನೂರು ಪುಟದಲ್ಲಿ ಚದುರಿದ ಮೂವತ್ತು ಗುರುತುಗಳನ್ನು ಮತ್ತೆ ಹುಡುಕುವುದು ಹೇಗೆ? ಪುಸ್ತಕದ ಹಿಂದಿನ ಖಾಲಿ ಪುಟದಲ್ಲಿ ಪುಟಸಂಖ್ಯೆ ಮತ್ತು ಎರಡು ಮೂರು ಪದ: '87 ಗದ್ದೆಯ ಜಗಳ', '112 ತಾಯಿಯ ಮೌನ', '203 ದೋಣಿ'. ಪಕ್ಕಗೆರೆ ಹಾಕಿದಾಗಲೇ ಇದನ್ನೂ ಬರೆದರೆ ಪುಟದ ಕ್ರಮದಲ್ಲಿ ತಾನೇ ಬೆಳೆಯುತ್ತದೆ. ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಹಿಂದಿನ ಪುಟಗಳೆಲ್ಲ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿಯೇ ಆಗಿರುತ್ತವೆ. ಆಗ ಹೆಸರುಗಳ ಹಾಳೆಯ ಹಿಂಬದಿ ಬಳಸಿ.

ಪುಟಸಂಖ್ಯೆಯನ್ನೇ ಪೂರ್ತಿ ನಂಬಬೇಡಿ. ಜನಪ್ರಿಯ ಕೃತಿಗಳು ಮರುಮುದ್ರಣದಲ್ಲಿ ಹೊಸದಾಗಿ ಅಕ್ಷರ ಜೋಡಣೆಯಾಗಿ ಬರುತ್ತವೆ, ಪುಟಗಳೆಲ್ಲ ಸರಿದಿರುತ್ತವೆ. ನೋಟ್‌ಬುಕ್ಕಿಗೆ ಇಳಿಸುವಾಗ ಮುದ್ರಣದ ವರ್ಷ ಮತ್ತು ಅಧ್ಯಾಯದ ಸಂಖ್ಯೆ ಬರೆಯಿರಿ. ಕಾವ್ಯಕ್ಕಾದರೆ ಪರ್ವ, ಸಂಧಿ, ಪದ್ಯದ ಸಂಖ್ಯೆ; ಅವು ಮರುಮುದ್ರಣದಲ್ಲಿ ಪುಟದಂತೆ ಸರಿಯುವುದಿಲ್ಲ.

ಪುಸ್ತಕ ಮುಗಿದ ಎರಡು ಮೂರು ದಿನದೊಳಗೆ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಂಡು ಗುರುತುಗಳನ್ನು ಮಾತ್ರ ತಿರುವಿ ನೋಡಿ. ಐದರಿಂದ ಹತ್ತು ಸಾಲುಗಳನ್ನು ಆರಿಸಿ ನೋಟ್‌ಬುಕ್ಕಿಗೆ ಕೈಯಲ್ಲೇ ಬರೆದುಕೊಳ್ಳಿ. ತಿಂಗಳು ಬಿಟ್ಟು ಮಾಡುತ್ತೇನೆಂದರೆ ಅಂಚಿನ ಮೊಟಕು ಮಾತುಗಳಲ್ಲಿ ಅರ್ಧ ನಿಮಗೇ ಅರ್ಥವಾಗವು.

ಲೈಬ್ರರಿಯ, ಎರವಲಿನ ಪುಸ್ತಕ

ಇವುಗಳಲ್ಲಿ ಚುಕ್ಕೆಯನ್ನೂ ಇಡಬಾರದು. ಪಟ್ಟಿಯನ್ನು ಪುಟದೊಳಗಿಟ್ಟು ಅದರ ಮೇಲೆ ಪುಟ ಮತ್ತು ಸಾಲಿನ ಸಂಖ್ಯೆ ಬರೆಯಿರಿ: 87/12 ಎಂದರೆ 87ನೇ ಪುಟ, ಮೇಲಿನಿಂದ 12ನೇ ಸಾಲು. ಅದರ ಮುಂದೆ ಕಾರಣದ ಎರಡು ಪದ. ಪಟ್ಟಿಯನ್ನು ಪುಸ್ತಕದ ಮೇಲೆ ಇಟ್ಟು ಬರೆದರೆ ಒತ್ತಡದ ಗುರುತು ಪುಟಕ್ಕೆ ಇಳಿಯುತ್ತದೆ. ಹೊರಗೆ ತೆಗೆದು ಬರೆದು ಒಳಗಿಡಿ. ಹಿಂತಿರುಗಿಸುವ ಮೊದಲು ಪಟ್ಟಿಗಳನ್ನು ಕ್ರಮವಾಗಿ ತೆಗೆದು ನೋಟ್‌ಬುಕ್ಕಿಗೆ ಇಳಿಸಿ. ಫೋನಿನಲ್ಲಿ ಪುಟದ ಫೋಟೊ ತೆಗೆಯುವವರು ಪುಟಸಂಖ್ಯೆ ಕಾಣುವಂತೆ ತೆಗೆಯಿರಿ, ಪುಸ್ತಕದ ಹೆಸರಿನಲ್ಲೇ ಒಂದು ಆಲ್ಬಂ ಮಾಡಿ. ಇಲ್ಲವಾದರೆ ಅದು ಮದುವೆ ಫೋಟೊಗಳ ನಡುವೆ ಕಳೆದುಹೋಗುತ್ತದೆ.

ಪರದೆಯ ಮೇಲೆ

ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಓದುವವರು ಸೆಟ್ಟಿಂಗ್ಸ್‌ನಲ್ಲಿ ಟಿಪ್ಪಣಿಗಳನ್ನು ಗೂಗಲ್ ಡ್ರೈವ್‌ಗೆ ಉಳಿಸುವ ಆಯ್ಕೆಯನ್ನು ಮೊದಲೇ ಆನ್ ಮಾಡಿಕೊಂಡರೆ ಗುರುತುಗಳೆಲ್ಲ ಒಂದು ಕಡತದಲ್ಲಿ ಸೇರುತ್ತವೆ. ಪಿಡಿಎಫ್‌ನಲ್ಲಿ ತೊಡಕು ಹೆಚ್ಚು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟ ಬರೀ ಚಿತ್ರ. ಅಲ್ಲಿ ಸಾಲು ಹಿಡಿದು ಹೈಲೈಟ್ ಮಾಡಲು ಬರುವುದಿಲ್ಲ. ಪೆನ್ ಉಪಕರಣದಿಂದ ಪಕ್ಕಗೆರೆ ಎಳೆದು ಕಾಮೆಂಟ್ ಸೇರಿಸಿ. ಅಕ್ಷರ ಆಯ್ಕೆಯಾದರೂ ನಕಲು ಮಾಡಿ ಬೇರೆಡೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬಂದರೆ, ಆ ಪುಸ್ತಕ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ (ಇದನ್ನು ಆಸ್ಕಿ ಎನ್ನುತ್ತಾರೆ) ಸಿದ್ಧವಾದದ್ದು. ನೀವು ಗುರುತಿಟ್ಟ ಸಾಲುಗಳೂ ರಫ್ತಾದಾಗ ಹಾಗೇ ಬರುತ್ತವೆ, ಹುಡುಕಿದರೆ ಸಿಗುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಕ್ಕೆ ಹಾಕಿ ಸರಿಪಡಿಸಿಕೊಳ್ಳಬೇಕು. ಕ್ಯಾಮೆರಾದಿಂದ ಅಕ್ಷರ ಗುರುತಿಸುವ ಆ್ಯಪ್‌ಗಳು ಕನ್ನಡವನ್ನೂ ಓದುತ್ತವೆ, ಆದರೆ ಒತ್ತಕ್ಷರಗಳಲ್ಲಿ ಎಡವುತ್ತವೆ. ಮೂಲದ ಜೊತೆ ಒಮ್ಮೆ ಹೋಲಿಸದೆ ಯಾರಿಗೂ ಕಳಿಸಬೇಡಿ.

ಎರಡನೇ ಓದು, ಅಳಿಸುವುದು, ಕೊಡುವುದು

ಎರಡನೇ ಸಲ ಓದುವಾಗ ಹಳೆಯ ಗುರುತು ಅಳಿಸಬೇಡಿ. ಪ್ರತಿ ಹೊಸ ಟಿಪ್ಪಣಿಯ ಪಕ್ಕ ವರ್ಷದ ಕೊನೆಯ ಎರಡು ಅಂಕಿ ಬರೆದರೆ ಯಾವುದು ಯಾವಾಗಿನದೆಂದು ಗೊತ್ತಾಗುತ್ತದೆ. ಬಣ್ಣದ ಪೆನ್ಸಿಲ್ ಬಳಸುವುದಾದರೆ ಈ ಹಂತದಲ್ಲಿ ಬಳಸಿ, ಆದರೆ ಅದರ ಮೇಣದಂಶ ಪೂರ್ತಿ ಅಳಿಯುವುದಿಲ್ಲ ಎಂಬುದು ತಿಳಿದಿರಲಿ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಕೊಂಡ ಹಳೆಯ ಪುಸ್ತಕದಲ್ಲಿ ಹಿಂದಿನ ಓದುಗರ ಟಿಪ್ಪಣಿ ಇದ್ದರೆ ಅದನ್ನೂ ಉಳಿಸಿಕೊಳ್ಳಿ, ನಿಮ್ಮದನ್ನು ಪುಟದ ಕೆಳಗಿನ ಜಾಗದಲ್ಲಿ ಬರೆಯಿರಿ.

ಅಳಿಸಲೇಬೇಕಾದಾಗ ಬಿಳಿಯ ಮೆತ್ತನೆಯ ರಬ್ಬರ್ ಇರಲಿ. ಪೆನ್ನಿನ ಮಸಿಗೆಂದು ಮಾಡಿದ ಒರಟು ರಬ್ಬರ್ ಕಾಗದವನ್ನೇ ಕೆರೆಯುತ್ತದೆ. ಎಡಗೈಯಿಂದ ಪುಟವನ್ನು ಬೆನ್ನಿನ ಕಡೆ ಒತ್ತಿಹಿಡಿದು, ಒಳಗಿನಿಂದ ಹೊರ ಅಂಚಿನ ಕಡೆಗೆ ಮಾತ್ರ ಉಜ್ಜಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಪುಟ ಮುದುರಿ ಮಡಿಕೆ ಬೀಳುತ್ತದೆ. ಪುಡಿಯನ್ನು ಕೈಯಿಂದ ಸವರದೆ ಮೆತ್ತನೆಯ ಬ್ರಷ್‌ನಿಂದ ಹೊರಗೆ ತಳ್ಳಿ, ಬೆನ್ನಿನ ಸಂದಿನಲ್ಲಿ ಉಳಿದರೆ ಪುಟ ಅಲ್ಲೇ ಉಬ್ಬುತ್ತದೆ.

ಪುಸ್ತಕವನ್ನು ಬೇರೆಯವರಿಗೆ ಕೊಡುವ ಮೊದಲು ಒಮ್ಮೆ ಪೂರ್ತಿ ತಿರುವಿ. ಮನೆಯವರ, ಗೆಳೆಯರ ಹೆಸರೆತ್ತಿ ಬರೆದ ಮಾತುಗಳನ್ನು ಅಳಿಸಿ. ಅಧ್ಯಾಯದ ಕೊನೆಯ ಊಹೆಗಳು ಮುಂದಿನ ಕಥೆಯನ್ನು ಬಿಟ್ಟುಕೊಡುವಂತಿದ್ದರೆ ಅವನ್ನೂ. ಹೆಸರುಗಳ ಹಾಳೆಯನ್ನು ಮಾತ್ರ ಒಳಗೇ ಇಟ್ಟು ಕೊಡಿ, ಮೊದಲ ಸಲ ಓದುವವರಿಗೆ ಅದು ನಿಜಕ್ಕೂ ಬೇಕಾಗುತ್ತದೆ.